ಕಡಲಾಮೆ ಏನು ತಿನ್ನುತ್ತದೆ, ಎಲ್ಲಿ ಮೇಯುತ್ತದೆ: ಪತ್ತೆ ಹಚ್ಚುವ ಬಗೆ

ಸತ್ತ ಕಡಲಾಮೆಯ ಹೊಟ್ಟೆಯಲ್ಲಿ ಏಡಿಯ ಚೂರುಗಳಷ್ಟೇ ಸಿಕ್ಕವು ಅಂದುಕೊಳ್ಳಿ. ‘ಇದರ ಆಹಾರ ಏಡಿ’ ಎಂದು ಬರೆದುಬಿಟ್ಟರೆ ಅಲ್ಲಿಗೇ ಲೆಕ್ಕ ತಪ್ಪಿತು. ಜೆಲ್ಲಿ ಮೀನಿನ ಮೈಯಲ್ಲಿ ಶೇ 95ರಷ್ಟು ನೀರೇ ಇರುತ್ತದೆ. ನುಂಗಿದ ಸ್ವಲ್ಪ ಹೊತ್ತಿಗೆಲ್ಲ ಅದು ಗುರುತು ಸಿಗದಂತೆ ಕರಗಿಹೋಗುತ್ತದೆ. ಏಡಿಯ ಕವಚ, ಶಂಖದ ಚೂರು, ಸ್ಕ್ವಿಡ್‌ನ ಕೊಕ್ಕು ಬಹಳ ಕಾಲ ಉಳಿಯುತ್ತವೆ. ಹೀಗಾಗಿ ಹೊಟ್ಟೆಯಲ್ಲಿ ಕಾಣುವುದು ಇತ್ತೀಚಿನ ಊಟಗಳಲ್ಲಿ ಕರಗದೆ ಉಳಿದ ಭಾಗ ಮಾತ್ರ. ಚರ್ಮದಲ್ಲಿ ಹಲವು ತಿಂಗಳ ಊಟದ ಸರಾಸರಿ ಸಿಗುತ್ತದೆ, ಉಪಗ್ರಹ ಟ್ಯಾಗ್‌ನಿಂದ ಜಾಗ ತಿಳಿಯುತ್ತದೆ. ಮೂರನ್ನೂ ಒಟ್ಟಿಗೆ ಓದಬೇಕು.

ಮೊದಲು ಅನುಮತಿ. ಕಡಲಾಮೆಯ ಏಳೂ ಪ್ರಭೇದಗಳು, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ 1ನೇ ಅನುಬಂಧದಲ್ಲಿವೆ. ಒಂದು ಚೂರು ಚರ್ಮವನ್ನು ಬೇರೆ ದೇಶದ ಪ್ರಯೋಗಾಲಯಕ್ಕೆ ಕಳಿಸಲೂ ಪರವಾನಗಿ ಬೇಕು; ಅದು ಕೈಸೇರಲು ತಿಂಗಳುಗಳೇ ಹಿಡಿಯಬಹುದು, ಬೇಗ ಅರ್ಜಿ ಹಾಕಿ.

ಆಮೆ ಕಂಡ ಕೂಡಲೇ ಪ್ರಭೇದ ಗುರುತಿಸಿ, ಅಳತೆ ತೆಗೆಯಿರಿ. ಬಟ್ಟೆಯ ಟೇಪನ್ನು ಬೆನ್ನಚಿಪ್ಪಿನ ಮುಂಭಾಗದ ನಡು ತಗ್ಗಿನಿಂದ ಹಿಂಭಾಗದ ತುದಿಯವರೆಗೆ, ಚಿಪ್ಪಿನ ಉಬ್ಬಿಗೆ ಅಂಟಿಕೊಂಡಂತೆ ಹಿಡಿಯಿರಿ. ದಾರಿಯಲ್ಲಿ ಬಾರ್ನಕಲ್ (ಚಿಪ್ಪಿಗೆ ಅಂಟಿ ಬೆಳೆಯುವ ಪುಟ್ಟ ಗಟ್ಟಿಜೀವಿ) ಇದ್ದರೆ ಟೇಪು ಎದ್ದು ನಿಂತು ಅಳತೆ ಕೆಡುತ್ತದೆ. ಎರಡು ಸಲ ಅಳೆದು, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ ಅಳೆಯಿರಿ. ಉದ್ದಕ್ಕೆ ಇಷ್ಟು ಮಹತ್ವ ಯಾಕೆಂದರೆ, ಒಂದೇ ಪ್ರಭೇದದ ಆಮೆ ವಯಸ್ಸಿನೊಂದಿಗೆ ನೆಲೆಯನ್ನೂ ಊಟವನ್ನೂ ಬದಲಿಸುತ್ತದೆ. ಹಸಿರು ಆಮೆಯ ಮರಿ ನಡುಗಡಲಲ್ಲಿ ಸಿಕ್ಕಿದ್ದನ್ನೆಲ್ಲ ತಿಂದು ಬೆಳೆದು, ಸುಮಾರು 20ರಿಂದ 35 ಸೆಂ.ಮೀ. ಆದಾಗ ದಡದ ಹತ್ತಿರಕ್ಕೆ ಬರುತ್ತದೆ. ಆಮೇಲೆ ಕಡಲಹುಲ್ಲು ಮತ್ತು ಪಾಚಿಯೇ ಅದರ ಮುಖ್ಯ ಮೇವು. ಹಾಕ್ಸ್‌ಬಿಲ್ ಆಮೆಗೆ ಹವಳದ ದಿಬ್ಬದಲ್ಲಿ ಅಂಟಿ ಬದುಕುವ ಸ್ಪಂಜು ಎಂಬ ಪ್ರಾಣಿ ಇಷ್ಟ. ಲಾಗರ್‌ಹೆಡ್ ಗಟ್ಟಿ ದವಡೆಯಿಂದ ಚಿಪ್ಪುಜೀವಿಗಳನ್ನು ಪುಡಿಮಾಡುತ್ತದೆ. ಲೆದರ್‌ಬ್ಯಾಕ್ ಜೆಲ್ಲಿ ಮೀನಿನ ಹಿಂದೆ ಸಾವಿರ ಮೀಟರಿಗೂ ಆಳಕ್ಕೆ ಇಳಿಯಬಲ್ಲದು.

ಸತ್ತ ಆಮೆಯ ಹೊಟ್ಟೆ ಪರೀಕ್ಷಿಸುವಾಗ ಕೈಗವಸು ಕಡ್ಡಾಯ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಂಟುವ ಅಪಾಯವಿದೆ. ಕರುಳನ್ನು ಎತ್ತುವ ಮೊದಲೇ ಅನ್ನನಾಳದ ಎರಡು ತುದಿ, ಜಠರದ ಕೊನೆ, ದೊಡ್ಡ ಕರುಳಿನ ಶುರು ಹೀಗೆ ನಾಲ್ಕು ಕಡೆ ದಾರದಿಂದ ಬಿಗಿಯಾಗಿ ಕಟ್ಟಿ. ಕಟ್ಟದೆ ಎತ್ತಿದರೆ ಇವತ್ತಿನ ಊಟವೂ ಹಳೆಯ ಊಟವೂ ಬೆರೆತುಹೋಗುತ್ತವೆ. ಪ್ರತಿ ಭಾಗವನ್ನು ಬೇರೆಬೇರೆಯಾಗಿ 1 ಮಿ.ಮೀ. ಜರಡಿಯಲ್ಲಿ ಸಣ್ಣಗೆ ಹರಿಯುವ ನೀರಿನಲ್ಲಿ ತೊಳೆದು, ಬಿಳಿ ತಟ್ಟೆಯಲ್ಲಿ ಹರಡಿ ವಿಂಗಡಿಸಿ. ಪ್ರಾಣಿಭಾಗಗಳನ್ನು ಶೇ 70ರ ಆಲ್ಕೊಹಾಲ್‌ನಲ್ಲಿಡಿ. ಪಾಚಿಯನ್ನು ಅದರಲ್ಲಿಟ್ಟರೆ ಬಣ್ಣ ಬಿಟ್ಟು ಪ್ರಭೇದ ಗುರುತಿಸುವುದೇ ಕಷ್ಟ; ಅದಕ್ಕೆ ಸಮುದ್ರದ ನೀರಿನಲ್ಲಿ ಬೆರೆಸಿದ ಶೇ 4ರ ಫಾರ್ಮಲಿನ್ ಸರಿ.

ಗುರುತಿಸುವಾಗ ಸೂಕ್ಷ್ಮದರ್ಶಕ ಪಕ್ಕದಲ್ಲಿರಲಿ. ಹ್ಯಾಲೊಫಿಲಾ ಎಂಬ ಕಡಲಹುಲ್ಲಿನ ಮೊಟ್ಟೆಯಾಕಾರದ ಪುಟ್ಟ ಎಲೆಯಲ್ಲಿ ಅಡ್ಡ ನರಗಳು ಎದ್ದು ಕಾಣುತ್ತವೆ. ಸಿರಿಂಗೋಡಿಯಂ ಎಂಬ ಇನ್ನೊಂದು ಕಡಲಹುಲ್ಲಿನ ಎಲೆಯನ್ನು ಬೆರಳಲ್ಲಿ ಹೊರಳಿಸಿದರೆ ನೂಡಲ್ಸ್‌ನಂತೆ ಉರುಳುತ್ತದೆ, ಅದು ಚಪ್ಪಟೆಯಲ್ಲ. ಬೂದು ಬಣ್ಣದ, ಆಕಾರವಿಲ್ಲದ ಮುದ್ದೆ ಸಿಕ್ಕರೆ ಎಸೆಯಬೇಡಿ. ಸ್ವಲ್ಪ ಭಾಗವನ್ನು ಬ್ಲೀಚ್‌ನಲ್ಲಿ ನೆನೆಸಿಡಿ. ಮಾಂಸ ಕರಗಿ ಗಾಜಿನ ಸೂಜಿಗಳಂಥ ಕಡ್ಡಿಗಳು ತಳದಲ್ಲಿ ಉಳಿದರೆ ಅದು ಸ್ಪಂಜು. ಬ್ಲೀಚ್ ಹಾಕದ ಇನ್ನೊಂದು ತುಣುಕಿನಲ್ಲಿ ಕುಟುಕುಕೋಶಗಳನ್ನು ಹುಡುಕಿ, ಕಂಡರೆ ಜೆಲ್ಲಿ ಮೀನು ಅಥವಾ ಅದರ ಸಂಬಂಧಿಕ. ಮೀನಿನ ಮುಳ್ಳು ಕಂಡಾಗ ಅನುಮಾನವಿರಲಿ. ಚುರುಕಾದ ಮೀನನ್ನು ಹಿಡಿಯುವ ವೇಗ ಆಮೆಗೆ ಅಪರೂಪ. ಅದು ಬಲೆಯಿಂದ ಬಿಸಾಡಿದ ಮೀನಿರಬಹುದು. ಪ್ಲಾಸ್ಟಿಕ್ಕನ್ನು ಆಹಾರದ ಲೆಕ್ಕಕ್ಕೆ ಸೇರಿಸದೆ ಬೇರೆ ಪಟ್ಟಿ ಮಾಡಿ.

ಸಾವಿನ ಕಾರಣವನ್ನೂ ಬರೆದಿಡಿ. ಬಲೆಯಲ್ಲಿ ಉಸಿರುಗಟ್ಟಿದ ಆಮೆ ಅದುವರೆಗೂ ಮೇಯುತ್ತಿದ್ದಿರಬಹುದು. ಕಾಯಿಲೆಯಿಂದ ದಡ ಸೇರಿದ್ದು ವಾರಗಟ್ಟಲೆ ಏನೂ ತಿಂದಿರಲಿಕ್ಕಿಲ್ಲ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಹಾಕಿದರೆ ಸಿಗುವ ಸರಾಸರಿ ಯಾವ ಆಮೆಗೂ ಸೇರಿದ್ದಲ್ಲ.

ಬದುಕಿರುವ ಆಮೆಯ ವಿಷಯದಲ್ಲಿ ಅನ್ನನಾಳಕ್ಕೆ ನೀರು ಹಾಯಿಸಿ ಊಟ ಹೊರತೆಗೆಯುವ ವಿಧಾನವಿದೆ. ತರಬೇತಿ ಪಡೆದವರಿಗಷ್ಟೇ ಅದು ಸಲ್ಲುತ್ತದೆ. ಐಸೊಟೋಪ್‌ (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳು; ಅವುಗಳ ಪ್ರಮಾಣದಿಂದ ಊಟವನ್ನು ಅಂದಾಜು ಮಾಡಬಹುದು) ಪರೀಕ್ಷೆಗಾಗಿ ಚರ್ಮ ತೆಗೆಯುವುದು ಅದಕ್ಕಿಂತ ಸರಳ. ಭುಜದ ಹತ್ತಿರವೋ ಹಿಂಗಾಲಿನ ಅಂಚಿನಲ್ಲೋ 6 ಮಿ.ಮೀ. ಬಯಾಪ್ಸಿ ಪಂಚ್‌ನಿಂದ (ಚರ್ಮದ ದುಂಡು ತುಣುಕು ಕತ್ತರಿಸುವ ಸಲಕರಣೆ) ಮೇಲ್ಪದರ ತೆಗೆದು ಆಲ್ಕೊಹಾಲ್‌ನಲ್ಲಿಡಿ ಅಥವಾ ಹೆಪ್ಪುಗಟ್ಟಿಸಿ. ಡಿಎನ್‌ಎ ಪರೀಕ್ಷೆಗೆ ಬಳಸುವ ಡಿಎಂಎಸ್‌ಒ ದ್ರಾವಣ ಇಲ್ಲಿ ಬೇಡ, ಐಸೊಟೋಪ್ ಮೌಲ್ಯವೇ ಬದಲಾಗುತ್ತದೆ. ಆಮೇಲೆ 60 ಡಿಗ್ರಿಯಲ್ಲಿ ಒಣಗಿಸಿ, ಪುಡಿಮಾಡಿ ಕಳಿಸಿ.

ಇಲ್ಲಿ ಹೆಚ್ಚಿನವರು ಎಡವುವುದು ಹೋಲಿಕೆಯ ಮಾದರಿಗಳಲ್ಲಿ. ಆಹಾರ ಸರಪಳಿಯಲ್ಲಿ ಒಂದೊಂದು ಮೆಟ್ಟಿಲು ಏರಿದಂತೆ ನೈಟ್ರೋಜನ್ 15 ಎಂಬ ಭಾರದ ಐಸೊಟೋಪ್‌ನ ಪ್ರಮಾಣ ಏರುತ್ತದೆ, ಸರಿ. ಆದರೆ ಕೊಳಚೆ ನೀರು ಸೇರುವ ಕೊಲ್ಲಿಯಲ್ಲಿ ಹುಲ್ಲಿನಲ್ಲೇ ಅದು ಹೆಚ್ಚಾಗಿರುತ್ತದೆ, ಅಲ್ಲಿ ಹುಲ್ಲು ಮೇಯುವ ಆಮೆ ಕಾಗದದ ಮೇಲೆ ಮಾಂಸಾಹಾರಿಯಾಗಿ ಕಾಣುತ್ತದೆ. ಅದೇ ಜಾಗ, ಅದೇ ಋತುವಿನ ಹುಲ್ಲು, ಪಾಚಿ, ಏಡಿ, ಸ್ಪಂಜಿನ ಮಾದರಿಗಳನ್ನೂ ತೆಗೆಯದಿದ್ದರೆ ಚರ್ಮದ ಸಂಖ್ಯೆಗಳಿಗೆ ಅರ್ಥವಿಲ್ಲ.

ಹುಲ್ಲುಗಾವಲಿನ ಸಮೀಕ್ಷೆಗೆ 25 ಮೀಟರ್ ಅಂತರದಲ್ಲಿ 50 ಮೀಟರಿನ ಮೂರು ಗೆರೆ ಹಾಕಿ. ಸೊನ್ನೆಯಿಂದ ಶುರುಮಾಡಿ ಪ್ರತಿ 5 ಮೀಟರಿಗೆ 50 ಸೆಂ.ಮೀ. ಚದರದ ಚೌಕಟ್ಟು ಇಟ್ಟರೆ ಒಟ್ಟು 33 ಚೌಕ. ಪ್ರತಿಯೊಂದರಲ್ಲೂ ಹುಲ್ಲಿನ ಪ್ರಭೇದ, ಹೊದಿಕೆಯ ಶೇಕಡಾವಾರು, ಎಲೆಯ ಉದ್ದ, ಕಚ್ಚಿದ ತುದಿಗಳ ಎಣಿಕೆ ಬರೆಯಿರಿ. ಹಸಿರು ಆಮೆ ಎಲೆಯನ್ನು ಬುಡದ ಹತ್ತಿರ ಕಚ್ಚಿ ಮೇಲಿನ ಹಳೆಯ ಭಾಗವನ್ನು ತೇಲಿಬಿಡುವುದುಂಟು. ಮತ್ತೆ ಮತ್ತೆ ಅದೇ ತುಂಡು ಜಾಗಕ್ಕೆ ಬಂದು ಹೊಸ ಚಿಗುರು ಮೇಯುತ್ತದೆ. ಚಿಗುರಿನಲ್ಲಿ ನೈಟ್ರೋಜನ್ ಹೆಚ್ಚು, ನಾರು ಕಡಿಮೆ. ಕತ್ತರಿಸಿದ ಹುಲ್ಲುಹಾಸಿನಂತೆ ಸ್ಪಷ್ಟ ಅಂಚಿರುವ ಜಾಗ ಕಂಡರೆ ಅದು ಆಮೆಯ ಕೆಲಸ ಎನ್ನಬಹುದು. ಕಡಲಹುಲ್ಲು ಮೇಯುವ ಸಸ್ತನಿ ಡ್ಯೂಗಾಂಗ್ ಆದರೆ ಬೇರುಸಮೇತ ಕಿತ್ತು ಉದ್ದನೆಯ ಬೋಳು ಜಾಡು ಬಿಡುತ್ತದೆ. ಹುಲ್ಲು ತೀರ ಸವೆದ ಕಡೆ ಆಮೆಯೂ ಬೇರುಕಾಂಡ ಅಗೆಯುವುದರಿಂದ ಅಂಥಲ್ಲಿ ಗುರುತು ನೋಡಿ ತೀರ್ಮಾನಿಸದೆ ಕ್ಯಾಮೆರಾ ಇಡಿ.

ಉಪಗ್ರಹದ ಮೂಲಕ ಜಾಗ ತಿಳಿಸುವ ಆರ್ಗೊಸ್ ಟ್ಯಾಗ್‌ನ ದತ್ತಾಂಶವನ್ನು ಹಾಗೇ ನಕ್ಷೆಗೆ ಹಾಕಬೇಡಿ. ನಿಖರತೆಯಲ್ಲಿ 3ನೇ ದರ್ಜೆಯ ಬಿಂದು 250 ಮೀಟರಿನೊಳಗೆ ನಿಖರ. 0 ದರ್ಜೆಯದು ಒಂದೂವರೆ ಕಿಲೋಮೀಟರಿಗೂ ಆಚೆ ಜಾರಬಹುದು. ನೆಲದ ಮೇಲೆ ಬಿದ್ದ ಬಿಂದುಗಳನ್ನೂ ಗಂಟೆಗೆ 5 ಕಿ.ಮೀ.ಗಿಂತ ಹೆಚ್ಚು ವೇಗ ತೋರಿಸುವವನ್ನೂ ತೆಗೆದು, ದಿನಕ್ಕೊಂದು ಉತ್ತಮ ಬಿಂದು ಉಳಿಸಿ, ಆಮೇಲೆ ಶೇ 50 ಮತ್ತು ಶೇ 95ರ ಬಳಕೆಯ ವಲಯ (ಆಮೆ ಇರುವ ಸಾಧ್ಯತೆಯ ಅಷ್ಟು ಪಾಲು ಒಳಗೊಳ್ಳುವ ಪ್ರದೇಶ) ಬಿಡಿಸಿ. ವಲಸೆಯ ದಿನಗಳನ್ನು ಸೇರಿಸಿದರೆ ಮೇಯುವ ನೆಲೆ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೆಚ್ಚಿನ ಟ್ಯಾಗ್‌ಗಳನ್ನು ಮೊಟ್ಟೆಯಿಡಲು ಮರಳಿಗೆ ಬಂದ ಹೆಣ್ಣುಗಳಿಗೇ ಹಾಕಿರುತ್ತಾರೆ, ಹಿಡಿಯಲು ಅವೇ ಸುಲಭ. ಗಂಡು ಮತ್ತು ಎಳೆಯ ಆಮೆಗಳ ನೆಲೆ ಈ ನಕ್ಷೆಯಲ್ಲಿ ಬರುವುದಿಲ್ಲ. ಮೊಟ್ಟೆಯ ಕಾಲದಲ್ಲಿ ಹಲವು ಹೆಣ್ಣುಗಳು ಬಹಳ ಕಡಿಮೆ ತಿನ್ನುತ್ತವೆ. ಆ ವಾರಗಳ ಬಿಂದುಗಳನ್ನು ‘ಆಹಾರ ನೆಲೆ’ ಎಂದು ಬಣ್ಣ ತುಂಬಬೇಡಿ. ಅದೇ ಹೆಣ್ಣಿನ ಚರ್ಮದಲ್ಲಿರುವ ಐಸೊಟೋಪ್ ಮಾತ್ರ ದೂರದ ಮೇವಿನ ಜಾಗದ್ದು. ಟ್ಯಾಗ್ ಹಾಕುವಾಗಲೇ ಚರ್ಮವನ್ನೂ ತೆಗೆದಿಟ್ಟಿದ್ದರೆ, ಅದು ಮೇಯುವ ಜಾಗ ತಲುಪಿದ ಮೇಲೆ ಎರಡನ್ನೂ ಹೊಂದಿಸಿ ನೋಡಬಹುದು.