ಬ್ಯಾಟರಿ ಹೆಚ್ಚಿಸಲಿಲ್ಲ, ವೈರ್ ದಪ್ಪ ಮಾಡಿದೆ

ನಾನೇ ಕಟ್ಟಿದ ಕ್ಯಾಂಪರ್ ಟ್ರೇಲರ್ ಈಗ ಮೂರು ದಿನ ಒಂದೇ ಕಡೆ ನಿಂತರೂ ಅದರ ಫ್ರಿಜ್ ಆಫ್ ಆಗುವುದಿಲ್ಲ. ಬ್ಯಾಟರಿ ಒಂದೇ, 100 ಎಎಚ್ (ಆಂಪಿಯರ್-ಗಂಟೆ, ಅದು ಎಷ್ಟು ಹಿಡಿಯುತ್ತದೆ ಅನ್ನುವ ಲೆಕ್ಕ). ಅದನ್ನು ತುಂಬಲು ಸೋಲಾರ್ ಪ್ಯಾನಲ್ ಇವೆ. ‘ಇನ್ನೊಂದು ಬ್ಯಾಟರಿ ಹಾಕದೆ ಇದು ಆಗೋ ಕೆಲಸ ಅಲ್ಲ’ ಅಂತ ಸಿಕ್ಕವರೆಲ್ಲ ಹೇಳಿದ್ದರು. ಅವರಲ್ಲೇ ಇಬ್ಬರು ಈಚೆಗೆ ಬಂದು ನನ್ನ ವೈರಿಂಗ್ ಅಳತೆ ಬರೆದುಕೊಂಡು ಹೋದರು.

ಮೊದಲ ಸಲ ಎಲ್ಲ ಕಡೆಗೂ 1.5 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದೆ. ಲೈಟಿಗೆ ಸಾಕು, ಫೋನ್ ಚಾರ್ಜಿಗೂ ಸಾಕು. ಫ್ರಿಜ್ ಮಾತ್ರ ರಾತ್ರಿ ಎರಡು ಗಂಟೆ ಹೊತ್ತಿಗೆ ಆಫ್. ಆಗ ಇದ್ದದ್ದು ಲೆಡ್ ಆಸಿಡ್ ಬ್ಯಾಟರಿ. ಬ್ಯಾಟರಿಯೇ ಸತ್ತಿದೆ ಅಂದುಕೊಂಡು ಹೊಸದು ತಂದೆ. ಎರಡನೇ ವಾರ ಮತ್ತೆ ಅದೇ ಕಥೆ. ಆ ಬ್ಯಾಟರಿಗೆ ಕೊಟ್ಟ ದುಡ್ಡಿನಲ್ಲಿ ಇಡೀ ಟ್ರೇಲರಿಗೆ ಎರಡು ಸಲ ಒಳ್ಳೆಯ ತಾಮ್ರದ ವೈರ್ ಹಾಕಬಹುದಿತ್ತು. ಅದು ಈಗಲೂ ಹೊಟ್ಟೆ ಉರಿಸುತ್ತದೆ.

ಕೊನೆಗೊಂದು ರಾತ್ರಿ ಮಲ್ಟಿಮೀಟರ್ ಹಿಡಿದು ಫ್ರಿಜ್ ಹಿಂದೆ ಕೂತೆ. ಬ್ಯಾಟರಿ ಟರ್ಮಿನಲ್‌ನಲ್ಲಿ 12 ವೋಲ್ಟ್ ಚಿಲ್ಲರೆ. ಕಂಪ್ರೆಸರ್ ಶುರುವಾಗುವ ಕ್ಷಣ ಫ್ರಿಜ್ ಟರ್ಮಿನಲ್‌ನಲ್ಲಿ 10.4ರ ಆಸುಪಾಸು. ಫ್ರಿಜ್ ಕಟ್ ಆಗುವುದೂ ಅಲ್ಲೇ. ಬ್ಯಾಟರಿಯಲ್ಲಿ ಕರೆಂಟ್ ಇತ್ತು, ವೋಲ್ಟೇಜ್ ದಾರಿಯ ವೈರಿನಲ್ಲೇ ಇಳಿದು ಹೋಗುತ್ತಿತ್ತು. ದೂರ ಏಳು ಮೀಟರ್. ಆದರೆ ಹೋಗಿ ಬರುವುದು ಸೇರಿದರೆ ಹದಿನಾಲ್ಕು ಅಲ್ವಾ? ನಾನು ಏಳಕ್ಕೇ ಲೆಕ್ಕ ಹಾಕಿದ್ದೆ. ಕಂಪ್ರೆಸರ್ ಓಡುವಾಗ ನಾಲ್ಕು ಆಂಪ್ಸ್, ಶುರುವಾಗುವಾಗ ಎಂಟರ ಹತ್ತಿರ. ಆ ಸಣ್ಣ ವೈರಿನಲ್ಲಿ ಒಂದೂಕಾಲು ವೋಲ್ಟಿಗೂ ಜಾಸ್ತಿ ಬಿದ್ದು ಹೋಗುತ್ತಿತ್ತು.

ಫ್ರಿಜ್‌ಗೆ ಬೇರೆಯೇ 6 ಸ್ಕ್ವೇರ್ ಎಂಎಂ ಲೈನ್ ಎಳೆದೆ. ಮಧ್ಯೆ ಎಲ್ಲೂ ಜಾಯಿಂಟ್ ಇಲ್ಲ, ಸ್ವಿಚ್ ಇಲ್ಲ. 15 ಆಂಪ್ಸ್ ಫ್ಯೂಸ್, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಗೋಡೆ ಒಡೆಯದೆ ಅಷ್ಟು ದಪ್ಪದ ವೈರನ್ನು ಒಳಗೆ ಹೇಗೆ ತೂರಿಸಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಮೂರು ಭಾನುವಾರ ಕೊಟ್ಟಿದ್ದೇನೆ. ಅವತ್ತು ರಾತ್ರಿ ಅದೇ ಬ್ಯಾಟರಿಯಲ್ಲಿ ಫ್ರಿಜ್ ಬೆಳಗಿನವರೆಗೆ ಓಡಿತು. ಶುರುವಾಗುವ ಹೊತ್ತಿನ ಇಳಿತ ಅರ್ಧ ವೋಲ್ಟೂ ಇರಲಿಲ್ಲ.

ಮೈನಸ್‌ದು ಇನ್ನೊಂದು ಗೋಳು. ಟ್ರೇಲರಿನ ಚಾಸಿಯನ್ನೇ (ಲೋಹದ ಚೌಕಟ್ಟನ್ನೇ) ಮೈನಸ್ ಮಾಡಿದರೆ ಅರ್ಧ ವೈರ್ ಉಳಿಯುತ್ತದೆ ಅಂತ ಆಸೆಪಟ್ಟಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೋಲ್ಟಿನ ಬುಡಕ್ಕೆ ತುಕ್ಕು ಬಂತು, ಲೈಟ್ ಮಿಣುಕಲು ಶುರುವಾಯಿತು. ಈಗ ಪ್ರತಿ ಲೈನಿಗೂ ಅದರದೇ ಮೈನಸ್ ವೈರ್ ಇದೆ, ಎಲ್ಲ ಒಂದೇ ಬಸ್‌ಬಾರಿಗೆ (ವೈರುಗಳೆಲ್ಲ ಸೇರುವ ಲೋಹದ ಪಟ್ಟಿಗೆ) ಬರುತ್ತವೆ. ಬೆಸುಗೆ ಹಾಕಿದ ಜಾಯಿಂಟ್‌ಗಳನ್ನೂ ಕಿತ್ತೆ. ನೋಡಲು ಚೆನ್ನಾಗಿದ್ದವು. ಆದರೆ ಬೆಸುಗೆ ಮುಗಿಯುವ ಜಾಗದಲ್ಲಿ ವೈರ್ ಗಟ್ಟಿಯಾಗಿ, ರಸ್ತೆಯ ಕುಲುಕಾಟಕ್ಕೆ ಎರಡು ಕಡೆ ತುಂಡಾಗಿತ್ತು. ಈಗ ಬರೀ ಕ್ರಿಂಪ್ ಮಾಡಿದ, ಅಂದರೆ ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ಲಗ್, ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ). ಕ್ರಿಂಪಿಂಗ್ ಟೂಲಿನಲ್ಲಿ ದುಡ್ಡು ಉಳಿಸಲು ಹೋಗಬೇಡಿ. ನನ್ನ ಮೊದಲ ಅಗ್ಗದ ಟೂಲ್ ಹಿಡಿದ ಲಗ್ ಕೈಯಲ್ಲಿ ಎಳೆದರೇ ಬರುತ್ತಿತ್ತು.

ಇನ್ವರ್ಟರನ್ನೂ ತೆಗೆದೆ. ಸುಮ್ನೆ ಆನ್ ಇದ್ದರೂ ಒಂದು ಆಂಪ್ ತಿನ್ನುತ್ತಿತ್ತು. ದಿನಕ್ಕೆ 24 ಎಎಚ್! ನನ್ನ ಫ್ರಿಜ್ ಇಡೀ ದಿನಕ್ಕೆ ತಿನ್ನುವುದು ಸುಮಾರು 35. ಲ್ಯಾಪ್‌ಟಾಪ್ ಸೇರಿ ಎಲ್ಲವೂ ಈಗ 12 ವೋಲ್ಟಿನಲ್ಲೇ ನಡೆಯುತ್ತವೆ.

ಹಿಂದೆ ಪೂರ್ತಿ ಬರಿದು ಮಾಡಿದ್ದಕ್ಕೋ ಏನೋ, ಲೆಡ್ ಆಸಿಡ್ ಬ್ಯಾಟರಿ ವರ್ಷದೊಳಗೆ ಕೈ ಕೊಟ್ಟಿತು. ಆಗ ಅದೇ 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ತಂದೆ. ಒಟ್ಟು ಖರ್ಚಿನಲ್ಲಿ ಅರ್ಧದಷ್ಟು ಅದಕ್ಕೇ ಹೋಯಿತು. ಗಾಡಿ ಓಡುವಾಗ ಚಾರ್ಜ್ ಆಗಲು 20 ಆಂಪ್ಸ್‌ನ ಡಿಸಿ-ಡಿಸಿ ಚಾರ್ಜರ್ ಇದೆ. ಲಿಥಿಯಂನಲ್ಲಿ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲು ಬರುವುದಿಲ್ಲ, ಹೆಚ್ಚುಕಡಿಮೆ ಕೊನೆಯವರೆಗೂ ಒಂದೇ ತರ ಇರುತ್ತದೆ. ಅದಕ್ಕೆ ಶಂಟ್ ಇರುವ ಮೀಟರ್ ಹಾಕಿದೆ. ಶಂಟ್ ಅಂದರೆ ಮೈನಸ್ ದಾರಿಯಲ್ಲಿ ಕೂತು, ಹೋಗಿ ಬರುವ ಕರೆಂಟ್ ಅಳೆಯಲು ನೆರವಾಗುವ ತುಂಡು. ಅಲ್ಲೂ ಒಂದು ತಿಂಗಳು ತಪ್ಪು ಲೆಕ್ಕ. ನೀರಿನ ಪಂಪಿನ ಮೈನಸ್ ವೈರ್ ಶಂಟ್ ದಾಟದೆ ನೇರ ಬ್ಯಾಟರಿಗೆ ಹೋಗಿತ್ತು.

ಮಧ್ಯೆ ಒಂದು ಪ್ರಯೋಗ. ಫ್ರಿಜ್ ಹಿಂದಿನ ಬಿಸಿ ಗಾಳಿ ಹೊರಗೆ ಹೋಗಲಿ ಎಂದು ಹಳೆ ಕಂಪ್ಯೂಟರಿನ ಒಂದು ಫ್ಯಾನ್ ಕೂರಿಸಿದೆ. ಅದು ತಿನ್ನುವುದು 0.2 ಆಂಪ್ಸ್ ಇರಬೇಕು. ಸೆಕೆಯ ದಿನಗಳಲ್ಲಿ ಕಂಪ್ರೆಸರ್ ಓಡುವ ಹೊತ್ತು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಸೋಲಾರ್ ಪ್ಯಾನಲ್‌ಗಳನ್ನೂ ಸೀರೀಸಿನಿಂದ (ಒಂದರ ಹಿಂದೆ ಒಂದು ಜೋಡಿಸುವುದು) ಪ್ಯಾರಲಲ್‌ಗೆ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಬದಲಾಯಿಸಿ ನೋಡಿದೆ. ಮರದ ನೆರಳು ಒಂದರ ಮೇಲೆ ಬಿದ್ದಾಗ ನನಗೆ ಪ್ಯಾರಲಲ್ಲೇ ಒಳ್ಳೆಯದಾಯಿತು. 200 ವ್ಯಾಟಿನಿಂದ ಒಳ್ಳೆ ಬಿಸಿಲಿಗೆ 50 ಎಎಚ್ ಬರುತ್ತದೆ. ಮೋಡ ಕವಿದರೆ 15, ಹೆಚ್ಚೆಂದರೆ 20.

ಕಿತ್ತು ಹಾಕಿದ 1.5 ವೈರ್ ಎಸೆದಿಲ್ಲ. ಅದೇ ಈಗ ಲೈಟುಗಳಿಗೆ ಹೋಗಿದೆ, 5 ಆಂಪ್ಸ್ ಫ್ಯೂಸ್ ಹಾಕಿಕೊಂಡು.