ವಿಯೆನ್ನಾಗೆ ತಂಡ ಕಟ್ಟಿ ಹೊರಡಿ: ನಿಂತು ಒಪೆರಾ ನೋಡುವುದು ಹೇಗೆ?

ಜರ್ಮನಿಗೆ ಓದಲು ಹೋದ ನಮ್ಮ ಹುಡುಗ ಹುಡುಗಿಯರು ಮೊದಲ ರಜೆಗೆ ಪ್ಯಾರಿಸ್‌ಗೋ ಸ್ವಿಟ್ಜರ್ಲೆಂಡ್‌ಗೋ ಓಡುತ್ತಾರೆ. ನಾನು ಹೇಳುವುದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ. ಒಪೆರಾ ಅಂದರೆ ವಾದ್ಯವೃಂದದ ಜತೆ ಹಾಡಿನಲ್ಲೇ ಕಥೆ ಹೇಳುವ ನಾಟಕ. ಅಲ್ಲಿನ ಸ್ಟೇಟ್ ಒಪೆರಾ ಜಗತ್ತಿನ ಹೆಸರಾಂತ ಒಪೆರಾ ಮನೆಗಳಲ್ಲಿ ಒಂದು. ಹೋಟೆಲಿನಲ್ಲಿ ಒಂದು ಊಟಕ್ಕೆ ಕೊಡುವಷ್ಟು ದುಡ್ಡಿಗೆ ನಿಮ್ಮನ್ನು ಒಳಗೆ ಬಿಡುತ್ತಾರೆ. ಕೂರುವ ಬದಲು ನಿಲ್ಲಬೇಕು, ಅಷ್ಟೇ.

ಮ್ಯೂನಿಕ್‌ನಲ್ಲಿ ಓದುವಾಗ ಎರಡು ಸಲ ಗೆಳೆಯರನ್ನು ಕಟ್ಟಿಕೊಂಡು ಹೋಗಿದ್ದೆ. ಮೊದಲ ಸಲ ಬೆಳಗ್ಗೆ ಅರಮನೆ, ಮಧ್ಯಾಹ್ನ ಮ್ಯೂಸಿಯಂ ಅಂತ ದಿನವಿಡೀ ನಡೆದೆವು. ಸಂಜೆ ಹೋಗಿ ನಿಂತರೆ ಕಾಲು ಕೇಳಬೇಕಲ್ಲ! ಎರಡನೇ ಅಂಕದ ಹೊತ್ತಿಗೆ ಅರ್ಧ ಜನ ನೆಲದ ಮೇಲೆ ಕೂತಿದ್ದರು. ಕೂತವರಿಗೆ ವೇದಿಕೆ ಕಾಣಿಸುವುದಿಲ್ಲ. ಆವತ್ತೇ ನಿಶ್ಚಯಿಸಿದೆ: ಒಪೆರಾ ಸಂಜೆಯನ್ನು ಮೊದಲು ಗೊತ್ತು ಮಾಡಬೇಕು, ಮಿಕ್ಕಿದ್ದೆಲ್ಲ ಅದರ ಸುತ್ತ.

ಮೊದಲು ದಿನ, ಆಮೇಲೆ ರೈಲು

ಜುಲೈ, ಆಗಸ್ಟ್‌ನಲ್ಲಿ ಸ್ಟೇಟ್ ಒಪೆರಾಗೆ ರಜೆ. ಬೇಸಿಗೆ ರಜೆಯಲ್ಲೇ ಹೋಗುವವರು ಇದನ್ನು ನೆನಪಿಡಿ. ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಹೆಚ್ಚುಕಮ್ಮಿ ಪ್ರತಿ ಸಂಜೆಯೂ ಆಟ ಇರುತ್ತದೆ. ಒಂದೇ ವಾರದಲ್ಲಿ ಮೂರು ನಾಲ್ಕು ಬೇರೆ ಬೇರೆ ಕೃತಿಗಳು ಸಿಗುತ್ತವೆ. ಹಾಗಾಗಿ ಕ್ಯಾಲೆಂಡರ್ ನೋಡಿ, ಮೊದಲ ಸಲದವರಿಗೆ ಒಗ್ಗುವ ಒಪೆರಾ ಆರಿಸಿ.

ನನ್ನ ಸಲಹೆ ಇಟಲಿಯ ಸಂಗೀತಕಾರ ಪುಚ್ಚಿನಿಯ 'ಲಾ ಬೊಹೆಮ್'. 1896ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಮೊದಲ ಬಾರಿ ಆಡಿದ್ದು. ನಾಲ್ಕು ಅಂಕ ಇದ್ದರೂ ಸಂಗೀತ ಎರಡು ಗಂಟೆಯೊಳಗೆ ಮುಗಿಯುತ್ತದೆ. ಜರ್ಮನ್ ಸಂಗೀತಕಾರ ವಾಗ್ನರ್ ಬೇಡ. ಅವನ ಕೆಲವು ಒಪೆರಾಗಳಲ್ಲಿ ಸಂಗೀತವೇ ನಾಲ್ಕು ಗಂಟೆ ದಾಟುತ್ತದೆ. ಮೊದಲ ಸಲವೇ ಅಷ್ಟು ಹೊತ್ತು ನಿಂತರೆ ಒಪೆರಾ ಮೇಲಿನ ಪ್ರೀತಿ ಹುಟ್ಟುವ ಮೊದಲೇ ಸತ್ತು ಹೋದೀತು.

ಕಥೆ ಓದಿಕೊಂಡೇ ಹೋಗಿ

ಈ ಹೆಜ್ಜೆಯನ್ನು ಯಾರೂ ಬಿಡಬೇಡಿ. ಯಕ್ಷಗಾನಕ್ಕೆ ಹೋಗುವವರಿಗೆ ಪ್ರಸಂಗ ಗೊತ್ತಿರುತ್ತದೆ. ಅಭಿಮನ್ಯು ಸಾಯುತ್ತಾನೆ ಅಂತ ಗೊತ್ತಿದ್ದೇ ರಾತ್ರಿ ಕೂತು ನೋಡುತ್ತೇವೆ, ಅಲ್ವಾ? ಮುಂದೇನು ಎಂಬ ಕುತೂಹಲಕ್ಕಿಂತ, ಅದನ್ನು ಹೇಗೆ ಹಾಡುತ್ತಾರೆ ಎನ್ನುವುದೇ ಮುಖ್ಯ. ಒಪೆರಾ ಕೂಡ ಹಾಗೇ.

'ಲಾ ಬೊಹೆಮ್' ಅಂತೂ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಕಥೆ. ಪ್ಯಾರಿಸ್‌ನ ಒಂದು ಅಟ್ಟದ ಕೋಣೆ. ಅಲ್ಲಿ ಕವಿ, ಚಿತ್ರಕಾರ, ಸಂಗೀತಗಾರ, ತತ್ವಜ್ಞಾನಿ, ನಾಲ್ವರು ಗೆಳೆಯರು. ಕ್ರಿಸ್‌ಮಸ್ ಹಿಂದಿನ ಸಂಜೆ. ಚಳಿ ತಡೆಯಲಾರದೆ ಕವಿ ರೊಡೊಲ್ಫೊ ತಾನೇ ಬರೆದ ನಾಟಕದ ಹಾಳೆಗಳನ್ನು ಒಲೆಗೆ ಹಾಕುತ್ತಾನೆ. ಮನೆ ಮಾಲೀಕ ಬಾಡಿಗೆ ಕೇಳಲು ಬರುತ್ತಾನೆ. ಆಮೇಲೆ ಪಕ್ಕದ ಕೋಣೆಯ ಮಿಮಿ ಮೇಣದ ಬತ್ತಿ ಹಚ್ಚಿಕೊಳ್ಳಲು ಬಂದು ಬೀಗದ ಕೈ ಕಳೆದುಕೊಳ್ಳುತ್ತಾಳೆ. ಕತ್ತಲಲ್ಲಿ ಹುಡುಕುವಾಗ ಅವನ ಕೈಗೆ ಅವಳ ತಣ್ಣನೆಯ ಕೈ ತಾಗುತ್ತದೆ. ಅಲ್ಲಿಂದ ಶುರುವಾಗುವ ಹಾಡು 'ಕೆ ಜೆಲಿದಾ ಮನೀನಾ'. ಅದನ್ನು ರೈಲಿನಲ್ಲೇ ಎರಡು ಮೂರು ಸಲ ಕೇಳಿಕೊಳ್ಳಿ. ಸಂಜೆ ಅದೇ ರಾಗ ವೇದಿಕೆಯಿಂದ ಏಳುವಾಗ ಹಳೆಯ ಪರಿಚಯದವರು ಸಿಕ್ಕಂತೆ ಆಗುತ್ತದೆ.

ಕೊನೆಯ ಅಂಕದಲ್ಲಿ ಕಾಯಿಲೆಯ ಮಿಮಿಗಾಗಿ ತತ್ವಜ್ಞಾನಿ ತನ್ನ ಹಳೇ ಕೋಟು ಮಾರಲು ಹೊರಡುತ್ತಾನೆ, ಆ ಕೋಟಿಗೇ ಒಂದು ವಿದಾಯದ ಹಾಡು ಹಾಡುತ್ತಾನೆ. ಎರಡನೇ ಸಲ ಹೋದಾಗ ನಮ್ಮ ತಂಡದಲ್ಲಿ ಕಣ್ಣು ಒರೆಸಿಕೊಳ್ಳದವರೇ ಇರಲಿಲ್ಲ.

ಪ್ರಯಾಣ, ಕಾಗದ ಪತ್ರ

ಮ್ಯೂನಿಕ್‌ನಿಂದ ವಿಯೆನ್ನಾಗೆ ನೇರ ರೈಲಿನಲ್ಲಿ ಸುಮಾರು 4 ಗಂಟೆ. ಮೊದಲೇ ಬುಕ್ ಮಾಡಿದರೆ ಅಗ್ಗ. ಜರ್ಮನಿಯ ಪ್ರಾದೇಶಿಕ ರೈಲು, ಬಸ್ಸುಗಳಿಗೆ ಸಲ್ಲುವ ತಿಂಗಳ ಪಾಸು ಡಾಯ್ಚ್‌ಲಾಂಡ್ ಟಿಕೆಟ್ ಇದ್ದವರು ಪ್ರಾದೇಶಿಕ ರೈಲಿನಲ್ಲಿ ಗಡಿಯಾಚೆಯ ಸಾಲ್ಜ್‌ಬರ್ಗ್‌ವರೆಗೆ ಅದರಲ್ಲೇ ಹೋಗಬಹುದು. ಅಲ್ಲಿಂದ ಮುಂದಕ್ಕೆ ಮಾತ್ರ ಟಿಕೆಟ್ ತೆಗೆದರೆ ಸಾಕು. ಜರ್ಮನಿಯ ವಾಸದ ಪರವಾನಗಿ ಇದ್ದರೆ ಬೇರೆ ವೀಸಾ ಬೇಡ. ಆದರೆ ಪಾಸ್‌ಪೋರ್ಟ್, ಪರವಾನಗಿ ಕಾರ್ಡ್ ಎರಡೂ ಜೇಬಿನಲ್ಲಿರಲಿ. ವಾಪಸ್ ಬರುವಾಗ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ನೋಡುವುದುಂಟು.

ಊರಿನಿಂದಲೇ ಕಾಲೇಜು ತಂಡ ಹೊರಡುವುದಾದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣದ ವೈದ್ಯಕೀಯ ವಿಮೆ ಕಡ್ಡಾಯ. ಓದಿನ ಉದ್ದೇಶಕ್ಕೆ ಹೋಗುವ ವಿದ್ಯಾರ್ಥಿಗಳಿಗೂ ಜತೆಗೆ ಹೋಗುವ ಮೇಷ್ಟ್ರಿಗೂ ವೀಸಾ ಶುಲ್ಕದಿಂದ ವಿನಾಯಿತಿ ಇದೆ. ಕಾಲೇಜಿನ ಪತ್ರದಲ್ಲಿ ಆ ಉದ್ದೇಶ ಸ್ಪಷ್ಟವಾಗಿರಲಿ.

ನಿಲ್ಲುವ ಟಿಕೆಟ್

ಜರ್ಮನ್ನಲ್ಲಿ ಇದಕ್ಕೆ 'ಶ್ಟೇಪ್ಲಾಟ್ಸ್' ಅನ್ನುತ್ತಾರೆ. ಒಟ್ಟು 400ಕ್ಕೂ ಹೆಚ್ಚು ಜನ ನಿಲ್ಲಬಹುದು. ಟಿಕೆಟ್ ಮಾರುವುದು ಆಟದ ದಿನವೇ: ಬೆಳಗ್ಗೆ 10ಕ್ಕೆ ಆನ್‌ಲೈನ್‌ನಲ್ಲಿ, ಉಳಿದದ್ದು ಆಟಕ್ಕೆ 80 ನಿಮಿಷ ಮೊದಲು ಕಿಟಕಿಯಲ್ಲಿ. ಕಿಟಕಿಯಲ್ಲಿ ಒಬ್ಬರಿಗೆ ಒಂದೇ ಟಿಕೆಟ್. ಒಬ್ಬನನ್ನು ಕ್ಯೂಗೆ ನಿಲ್ಲಿಸಿ ಹನ್ನೊಂದು ಜನ ಕೇಕ್ ತಿನ್ನಲು ಹೋಗುವಂತಿಲ್ಲ. ಎಲ್ಲರೂ ಎರಡು ಗಂಟೆ ಮೊದಲೇ ಒಪೆರಾ ಮನೆಯ ಪಕ್ಕದ ಓಪರ್ನ್‌ಗಾಸೆ ರಸ್ತೆಯ ಕಡೆ ಸೇರಿ. ಜತೆಗೆ ಬ್ರೆಡ್, ಬಾಳೆಹಣ್ಣು ಇರಲಿ. ಭಾನುವಾರ ಸೂಪರ್ ಮಾರ್ಕೆಟ್‌ಗಳು ಮುಚ್ಚಿರುತ್ತವೆ, ಶನಿವಾರವೇ ಕೊಂಡಿಡಿ. ನೀರನ್ನು ಕೊಳ್ಳಲೇಬೇಡಿ. ಆ ಊರಿನ ನಲ್ಲಿಗೆ 1873ರಿಂದ ಆಲ್ಪ್ಸ್ ಬೆಟ್ಟದ ಬುಗ್ಗೆ ನೀರು ಬರುತ್ತಿದೆ. ಬಾಟಲಿ ತುಂಬಿಸಿಕೊಂಡರೆ ಆಯಿತು.

ಎಲ್ಲಿ ನಿಲ್ಲಬೇಕು? ಪಾರ್ಟೆರ್ ಅಂದರೆ ನೆಲಮಟ್ಟದ ಜಾಗ, ಅಲ್ಲಿಂದ ವೇದಿಕೆ ನೇರ ಕಾಣುತ್ತದೆ. ಮುಂದಿರುವ ಕುರ್ಚಿಗಳ ಬೆಲೆ ಹಲವು ರಾತ್ರಿ 200 ಯೂರೊ ದಾಟುತ್ತದೆ, ಹಿಂದೆ ನಿಂತವರದು 20ರೊಳಗೇ. ಅಲ್ಲಿ ಸಿಗದಿದ್ದರೆ ಬೇಜಾರು ಬೇಡ. ತೀರ ಮೇಲಿನ ಗ್ಯಾಲರಿಯಲ್ಲಿ ಸಂಗೀತ ತುಂಬಾ ಚೆನ್ನಾಗಿ ಕೇಳಿಸುತ್ತದೆ.

ಒಳಗೆ ಹೋದ ಕೂಡಲೇ ಮುಂದಿನ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ. ಬಸ್ಸಿನ ಸೀಟಿಗೆ ಟವೆಲ್ ಹಾಕುತ್ತೇವಲ್ಲ, ಹಾಗೆ. ಅದು ನಿಮ್ಮ ಜಾಗ ಎಂದು ಎಲ್ಲರೂ ಒಪ್ಪುತ್ತಾರೆ. ಆಮೇಲೆ ನಿಶ್ಚಿಂತೆಯಿಂದ ಕೋಟು, ಚೀಲ ಕೊಟ್ಟು ಬರಬಹುದು. ಕಂಬಿಯಲ್ಲೇ ಪುಟ್ಟ ಪರದೆ ಇರುತ್ತದೆ, ಹಾಡಿನ ಅರ್ಥ ಇಂಗ್ಲಿಷ್‌ನಲ್ಲೂ ಬರುತ್ತದೆ. ಬಟ್ಟೆಯ ಚಿಂತೆ ಜಾಸ್ತಿ ಬೇಡ. ಒಗೆದ ಶರ್ಟು, ಪ್ಯಾಂಟು ಸಾಕು. ನಮ್ಮಲ್ಲೊಬ್ಬಳು ಮೈಸೂರು ಸಿಲ್ಕ್ ಉಟ್ಟು, ಕೆಳಗೆ ಓಡುವ ಶೂ ಹಾಕಿದ್ದಳು. ಕೊನೆಯವರೆಗೂ ಆರಾಮಾಗಿ ನಿಂತಿದ್ದು ಅವಳೇ. ತಡ ಮಾಡಿದರೆ ಮಾತ್ರ ವಿರಾಮದವರೆಗೆ ಒಳಗೆ ಬಿಡುವುದಿಲ್ಲ.

ದೀಪ ಆರಿದ ಮೇಲೆ ಒಂದು ವಿಷಯ ಗಮನಿಸಿ. ಹಾಡುವವರಿಗೆ ಮೈಕ್ ಇಲ್ಲ. ಕೆಳಗೆ ಇಡೀ ವಾದ್ಯವೃಂದ ನುಡಿಸುತ್ತಿದ್ದರೂ ಒಂದು ಬರಿಗಂಟಲು ಅದನ್ನು ದಾಟಿ ಕೊನೆಯ ಸಾಲಿಗೆ ಬರುತ್ತದೆ. ಧ್ವನಿವರ್ಧಕಕ್ಕೆ ಒಗ್ಗಿದ ನಮ್ಮ ಕಿವಿಗೆ ಮೊದಲ ಐದು ನಿಮಿಷ ಸಣ್ಣದಾಗಿ ಕೇಳಿಸೀತು. ತಾಳ್ಮೆ ಇರಲಿ, ಕಿವಿ ತಾನೇ ಹೊಂದಿಕೊಳ್ಳುತ್ತದೆ.

ಊರು ಸುತ್ತುವುದು

ಒಪೆರಾ ದಿನ ಒಂದೇ ಜಾಗ ಸಾಕು. ಕುನ್ಸ್ಟ್‌ಹಿಸ್ಟೊರಿಷೆಸ್ ಎಂಬ ಕಲಾ ಮ್ಯೂಸಿಯಂಗೆ ಹೋಗಿ, ಹಳೆಯ ಕಾಲದ ಚಿತ್ರಕಾರ ಬ್ರೂಗೆಲ್‌ನ ಚಿತ್ರಗಳ ಕೋಣೆಯಲ್ಲಿ ಬೆಂಚಿನ ಮೇಲೆ ಕೂತುಬಿಡಿ. 19 ತುಂಬದವರಿಗೆ ಅಲ್ಲಿ ಪ್ರವೇಶ ಉಚಿತ. ಷೋನ್‌ಬ್ರುನ್ ಅರಮನೆ, ಸ್ಟೀಫನ್ ಚರ್ಚಿನ ಗೋಪುರದ 343 ಮೆಟ್ಟಿಲು, ಇವೆಲ್ಲ ಮರುದಿನಕ್ಕಿರಲಿ. ಮೆಟ್ರೊ, ಟ್ರಾಮ್‌ಗೆ ದಿನದ ಟಿಕೆಟ್ ತೆಗೆದರೆ ಮೊದಲ ಸಲ ಯಂತ್ರದಲ್ಲಿ ಮುದ್ರೆ ಹಾಕಿಸಲು ಮರೆಯಬೇಡಿ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 100 ಯೂರೊಗಿಂತ ಜಾಸ್ತಿ.

ಕೊನೆಯ ಬೆಳಗ್ಗೆ 71ನೇ ನಂಬರಿನ ಟ್ರಾಮ್ ಹತ್ತಿ, ನಗರದ ಅಂಚಿನ ದೊಡ್ಡ ಸ್ಮಶಾನದ 2ನೇ ಗೇಟಿನಲ್ಲಿ ಇಳಿಯಿರಿ. ಸಂಗೀತಕಾರರಾದ ಬೀಥೋವನ್, ಶೂಬರ್ಟ್, ಬ್ರಾಮ್ಸ್ ಸಮಾಧಿಗಳು ಒಂದರ ಹತ್ತಿರ ಒಂದಿವೆ. ಯಾರೋ ಹೂವು ಇಟ್ಟು ಹೋಗಿರುತ್ತಾರೆ. ಗೇಟಿನ ಹೊರಗೆ ಹೂವಿನ ಅಂಗಡಿಗಳಿವೆ, ನೀವೂ ಒಂದು ಹಿಡಿದು ಹೋಗಿ.