ಬೂದಿ ಮುಚ್ಚಿದ ಕೆಂಡ ಹುಡುಕಿದ ಬಗೆ

"ರಿಪೋರ್ಟಿನಲ್ಲಿ ಏನೂ ಬದಲಾವಣೆ ಇಲ್ಲ ಅಂತಿದೆ ಡಾಕ್ಟ್ರೇ, ಆದರೆ ಕಾಲು ವರ್ಷದಿಂದ ವರ್ಷಕ್ಕೆ ಭಾರ ಆಗ್ತಾನೇ ಇದೆ." ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ) ಇರುವ ಒಬ್ಬರು ಹೀಗೆಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ರಿಪೋರ್ಟ್ ಬರೆದ ರೇಡಿಯಾಲಜಿಸ್ಟ್ ನಾನೇ. ಮೆದುಳಿನಲ್ಲಿ ಹೊಸ ಕಲೆ, ಅಂದರೆ ಕಾಯಿಲೆ ಹಾನಿ ಮಾಡಿದ ಜಾಗ, ಇರಲಿಲ್ಲ; ಸ್ಕ್ಯಾನಿಗಾಗಿ ರಕ್ತನಾಳಕ್ಕೆ ಚುಚ್ಚುವ ಗ್ಯಾಡೋಲಿನಿಯಂ ಎಂಬ ಔಷಧ ಕೊಟ್ಟಾಗ ಯಾವ ಕಲೆಯೂ ಬೆಳಗಿರಲಿಲ್ಲ. 'ಸ್ಥಿರ' ಎಂದು ಬರೆದು ಮುಗಿಸಿದ್ದೆ.

ಗ್ಯಾಡೋಲಿನಿಯಂ ತೋರಿಸುವುದು ರಕ್ತನಾಳದ ತಡೆಗೋಡೆ ಸೋರುತ್ತಿರುವ ಜಾಗವನ್ನು, ಅದೂ ಸಾಮಾನ್ಯವಾಗಿ ಕೆಲವೇ ವಾರಗಳ ಕಾಲ. ಸೋರಿಕೆ ನಿಂತ ಮೇಲೂ ಕೆಲವು ಕಲೆಗಳ ಅಂಚಿನಲ್ಲಿ ಕಬ್ಬಿಣ ತುಂಬಿಕೊಂಡ ಮೈಕ್ರೋಗ್ಲಿಯಾ (ಮೆದುಳಿನ ರಕ್ಷಣಾ) ಕೋಶಗಳು ವರ್ಷಗಟ್ಟಲೆ ಉಳಿಯುತ್ತವೆ. ಉರಿಯೂತ ಅಲ್ಲಿ ಬೂದಿ ಮುಚ್ಚಿದ ಕೆಂಡ. ಆ ಕಬ್ಬಿಣವೇ ಸಸೆಪ್ಟಿಬಿಲಿಟಿ ಎಂಆರ್‌ಐಯಲ್ಲಿ (ಕಬ್ಬಿಣದಂಥ ವಸ್ತು ಕಾಂತಕ್ಷೇತ್ರವನ್ನು ಕದಡುವುದನ್ನು ಹಿಡಿಯುವ ಸ್ಕ್ಯಾನ್) ಕಲೆಯ ಸುತ್ತ ತೆಳ್ಳನೆ ಗೆರೆಯಾಗಿ ಕಾಣುವುದು. ಅದಕ್ಕೆ ಪ್ಯಾರಾಮ್ಯಾಗ್ನೆಟಿಕ್ ರಿಮ್ ಎನ್ನುತ್ತೇವೆ.

ಆ ರೋಗಿಯ ಹಳೆಯ ಸ್ಕ್ಯಾನ್ ತೆರೆದರೆ ರಿಮ್ ತೋರಿಸುವ ಫೇಸ್ (phase) ಚಿತ್ರಗಳೇ ಇರಲಿಲ್ಲ. ಉಳಿಸಿ ಎಂದು ನಾವು ಯಂತ್ರಕ್ಕೆ ಹೇಳಿರಲೇ ಇಲ್ಲ. ಉಳಿದದ್ದು ಹಲವು ಸ್ಲೈಸ್ (ಮೆದುಳಿನ ಒಂದೊಂದು ಪದರದ ಚಿತ್ರ) ಸೇರಿಸಿ ದಪ್ಪ ಮಾಡಿದ ಚಿತ್ರಗಳು; ಅವುಗಳಲ್ಲಿ ಸಿರೆ ಚೆನ್ನಾಗಿ ಕಾಣುತ್ತದೆ, ರಿಮ್ ಕರಗಿಹೋಗುತ್ತದೆ. ಟೆಕ್ನಿಷಿಯನ್ ಜೊತೆ ಕೂತು 3 ಟೆಸ್ಲಾ ಕಾಂತಶಕ್ತಿಯ ಎಂಆರ್‌ಐ ಯಂತ್ರದಲ್ಲಿ ತೆಳು ಸ್ಲೈಸ್, ಫೇಸ್ ಚಿತ್ರ ಎರಡೂ ಉಳಿಯುವಂತೆ ಪ್ರೋಟೋಕಾಲ್ ಬದಲಿಸಿದೆ.

ಮೊದಲ ತಿಂಗಳುಗಳಲ್ಲಿ ಎಲ್ಲೆಲ್ಲೂ ರಿಮ್ ಕಂಡೆ. ಬಹಳಷ್ಟು ಕಲೆಯ ಅಂಚಿಗೆ ತಾಗಿ ಹೋಗುವ ಸಿರೆಗಳು. ಈಗ ಗೆರೆ ಕಲೆಯ ಅಂಚಿನ ಮೂರನೇ ಎರಡು ಭಾಗವನ್ನಾದರೂ ಸುತ್ತಿರಬೇಕು, ಪಕ್ಕದ ಸ್ಲೈಸಿನಲ್ಲೂ ಕಾಣಬೇಕು, ಇಲ್ಲದಿದ್ದರೆ ಎಣಿಸುವುದಿಲ್ಲ. ಗ್ಯಾಡೋಲಿನಿಯಂ ಹಿಡಿದ ಹೊಸ ಕಲೆಯನ್ನೂ ಬಿಡುತ್ತೇನೆ, ಅದರ ರಿಮ್ ಕೆಲವು ತಿಂಗಳಲ್ಲಿ ಮಾಯವಾಗಬಹುದು. ಇನ್ನೊಂದು ಮಾತು, ಇದರಲ್ಲಿ ನಾನು ಎಡವಿದ್ದೇನೆ: ಯಂತ್ರದಿಂದ ಯಂತ್ರಕ್ಕೆ ಫೇಸ್ ಚಿತ್ರದ ಕಪ್ಪು ಬಿಳುಪು ತಿರುಗುಮುರುಗಾಗುತ್ತದೆ. ಹಾಗಾಗಿ ಮೊದಲು ಗೊತ್ತಿರುವ ಒಂದು ಸಿರೆ ನೋಡಿ ಯಾವುದು ಯಾವ ಬಣ್ಣವೆಂದು ಖಚಿತಪಡಿಸಿಕೊಳ್ಳುತ್ತೇನೆ.

ಅವರ ಮುಂದಿನ ಸ್ಕ್ಯಾನಿನಲ್ಲಿ ಐದು ರಿಮ್ ಸಿಕ್ಕವು. ನಾನು ಗುರುತು ಹಾಕಿದ್ದನ್ನು ತೋರಿಸದೆ ಸಹೋದ್ಯೋಗಿಯಿಂದಲೂ ಎಣಿಕೆ ಮಾಡಿಸಿದೆ, ಐದೇ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕು ಅಥವಾ ಹೆಚ್ಚು ರಿಮ್ ಇದ್ದವರಿಗೆ ನಡೆಯುವ ಶಕ್ತಿ, ಯೋಚಿಸುವ ಶಕ್ತಿ ಕಡಿಮೆ ವಯಸ್ಸಿನಲ್ಲೇ ಕುಂದಿದ್ದು ಕಂಡಿತ್ತು. ಆದರೆ ಅದು ಗುಂಪಿನ ಲೆಕ್ಕ, ಒಬ್ಬರ ಭವಿಷ್ಯವಲ್ಲ. ರಿಮ್ ಇಲ್ಲವೆಂದರೆ ಉರಿಯೂತ ಇಲ್ಲವೆಂದೂ ಅಲ್ಲ. ಇದನ್ನು ನ್ಯೂರಾಲಜಿಸ್ಟ್‌ಗೆ ಬರೆದು ತಿಳಿಸಿದೆ, ರೋಗಿಗೂ ಚಿತ್ರ ತೋರಿಸಿ ವಿವರಿಸಿದೆ.

ಅವರು ತುಂಬಾ ಹೊತ್ತು ಆ ಗೆರೆಯನ್ನೇ ನೋಡಿದರು. ಆಮೇಲೆ ಕೇಳಿದ್ದು ಇಷ್ಟೇ: "ಮುಂದಿನ ವರ್ಷವೂ ಇದೇ ಚಿತ್ರ ತೆಗೀತೀರಾ?" ತೆಗೆದೆವು. ಐದರಲ್ಲಿ ಎರಡು ಕಲೆ ಸ್ವಲ್ಪ ಹಿಗ್ಗಿದ್ದವು. ರಿಪೋರ್ಟಿನಲ್ಲಿ ಅವುಗಳ ಜಾಗ, ಅಳತೆ ಎರಡನ್ನೂ ಬರೆದೆ.